ಹಸಿರು ಸಿಗ್ನಲ್ ಇತ್ತು, ಹಾಗಾದ್ರೆ ತಪ್ಪು ಯಾರದು? ವಿಜಯಪುರದ ಒಂದು ವೃತ್ತದ ಪ್ರಕರಣ

ಸಿಗ್ನಲ್ ಹಸಿರಾದ ಮೇಲೆ ಗಾಡಿ ಬಿಟ್ಟವರದ್ದು ತಪ್ಪೇ ಇರಲ್ಲ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಬರುವವರೂ ಮೊದಲ ದಿನವೇ ಇದನ್ನು ಒಪ್ಪಿಸುತ್ತಾರೆ: ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಹೋಗು. ಇದು ಅರ್ಧ ಮಾತ್ರ ಸರಿ. ಉಳಿದರ್ಧ ರಸ್ತೆ ಮೇಲೆ ಬಳಿದ ಗೆರೆಗಳಲ್ಲಿದೆ, ಅದನ್ನು ಯಾರೂ ಓದುವುದಿಲ್ಲ. ಆ ಅರ್ಧ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿ ಒಬ್ಬ ಅಜ್ಜನ ಕಾಲಿಗೆ ಪೆಟ್ಟಾಯಿತು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಅಲ್ಲಿ ಸೇರಿದ ಜನ ಬೈದದ್ದು ಒಬ್ಬರನ್ನು, ತಪ್ಪು ಮಾಡಿದ್ದು ಹತ್ತಾರು ಜನ. ಅವರಲ್ಲಿ ಹೆಚ್ಚಿನವರು ತಾವು ಏನೂ ಮಾಡಿಲ್ಲ ಅಂದುಕೊಂಡೇ ಮನೆಗೆ ಹೋದರು.

ವೃತ್ತದ ಹೆಸರು ಹೇಳುವುದಿಲ್ಲ. ನಮ್ಮೂರಲ್ಲಿ ಇಂಥವು ಒಂದೆರಡಲ್ಲ, ಮತ್ತೆ ಅಲ್ಲಿನ ಅಂಗಡಿಯವರಿಗೆ ಸುಮ್ನೆ ತೊಂದರೆ ಬೇಡ. ನಾಲ್ಕು ರಸ್ತೆ ಸೇರುವ, ಸಿಗ್ನಲ್ ಇರುವ ಜಾಗ. ಒಂದು ರಸ್ತೆ ಸೊಲ್ಲಾಪುರ ಕಡೆಯಿಂದ ಊರೊಳಗೆ ಬರುತ್ತದೆ. ಇನ್ನೊಂದು ಅದನ್ನು ಅಡ್ಡ ಹಾಯುತ್ತದೆ. ಜನವರಿ ತಿಂಗಳು, ಸಂಜೆ, ಶಾಲೆ ಬಿಟ್ಟ ಹೊತ್ತು. ಜನವರಿ ಅಂದರೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಕಾರ್ಖಾನೆಗಳು ಜೋರಾಗಿ ನಡೆಯುತ್ತಿರುತ್ತವೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಹಳ್ಳಿಗಳಿಂದ ಬರುವ ಜನ, ಜಾನುವಾರು ಜಾತ್ರೆಗೆ ಬರುವ ಟೆಂಪೋ, ಎಲ್ಲ ಇದೇ ರಸ್ತೆಗಳ ಮೇಲೆ.

ಘಟನೆ ಹೀಗಾಯಿತು. ಮೂಲೆಯ ಮೊಬೈಲ್ ಅಂಗಡಿಯ ಸಿಸಿಟಿವಿಯಲ್ಲಿ ಎಲ್ಲ ದಾಖಲಾಗಿತ್ತು. ಅಂಗಡಿಯವರು ಕೂತು ತೋರಿಸಿದರು, ಹಾಗಾಗಿ ಇಲ್ಲಿ ಬರೆದದ್ದು ನೋಡಿದ್ದು, ಬಾಯಿಮಾತಲ್ಲ.

ಸೊಲ್ಲಾಪುರ ಕಡೆಯಿಂದ ಬರುವ ರಸ್ತೆಗೆ ಹಸಿರು ಬಿದ್ದಿದೆ. ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ನಿಧಾನಕ್ಕೆ ವೃತ್ತದೊಳಗೆ ಬರುತ್ತದೆ. ಅದರ ಎಡಕ್ಕೆ ಒಂದು ಆಟೋ. ಆಟೋ ನಿಂತಿದ್ದ ಪಟ್ಟಿಯಲ್ಲಿ, ಅಂದರೆ ಲೇನ್‌ನಲ್ಲಿ, ನೆಲದ ಮೇಲೆ ಎಡಕ್ಕೆ ತಿರುಗುವ ಬಾಣ ಬಳಿದಿದೆ, ಆದರೆ ಆಟೋ ತಿರುಗಲಿಲ್ಲ. ನೇರ ಹೋಗಿ ಟ್ರ್ಯಾಕ್ಟರ್ ಮುಂದೆ ತೂರಿತು. ಆಚೆ ಬದಿಯ ಜೀಬ್ರಾ ದಾಟಿದ ಕೂಡಲೇ ಹಣ್ಣಿನ ತಳ್ಳುಗಾಡಿಗಳಿವೆ, ರಸ್ತೆ ಅಲ್ಲಿ ಅರ್ಧ ಆಗಿದೆ. ಆಟೋ ಅಲ್ಲೇ ನಿಂತು ಜನರನ್ನು ಇಳಿಸಿತು. ಟ್ರ್ಯಾಕ್ಟರ್ ಬ್ರೇಕ್ ಹಾಕಿತು. ಎಂಜಿನ್ ಜೀಬ್ರಾದ ಮೇಲೆ, ಮೊದಲ ಟ್ರೇಲರ್ ಅದರ ಬೆನ್ನಿಗೆ, ಎರಡನೆಯದು ವೃತ್ತದ ನಟ್ಟನಡುವೆ.

ಹಿಂದೆ ಒಂದು ಬಿಳಿ ಕಾರು. ಓಡಿಸುತ್ತಿದ್ದವರು ಒಬ್ಬ ಶಾಲಾ ಅಕ್ಕೋರು, ನನ್ನ ಹತ್ತಿರವೇ ಕಲಿತವರು. ಟ್ರ್ಯಾಕ್ಟರ್ ನಿಂತದ್ದು ಕಾಣುತ್ತಿತ್ತು, ಆದರೆ ಹಸಿರು ಇನ್ನೂ ಇತ್ತು. ಹಿಂದಿನವರು ಹಾರ್ನ್ ಹೊಡೆದರು. ಅಕ್ಕೋರು ಸ್ಟಾಪ್ ಲೈನ್ ದಾಟಿ ಒಳಗೆ ಬಂದು, ಟ್ರೇಲರ್‌ನಿಂದ ಒಂದು ಗಾಡಿಯಷ್ಟು ಅಂತರ ಬಿಟ್ಟು ನಿಂತರು. ಅಂತರ ಬಿಡಿ ಅಂತ ನಾವೇ ಕಲಿಸುತ್ತೇವೆ. ಕಬ್ಬಿನ ಟ್ರೇಲರ್ ಹಿಂದೆ ಅಂತೂ ಬಿಡಲೇಬೇಕು, ಜಲ್ಲೆಗಳ ತುದಿ ಹೊರಗೆ ಚಾಚಿಕೊಂಡಿರುತ್ತವೆ. ಆದರೆ ಆ ಅಂತರ ಈಗ ವೃತ್ತದ ನಡುವೆ ಒಂದು ಸಂದಿ ಆಯಿತು.

ಸಿಗ್ನಲ್ ಕೆಂಪಾಯಿತು. ಅಡ್ಡ ರಸ್ತೆಗೆ ಹಸಿರು.

ಈಗ ಅಜ್ಜನ ಕಡೆ ಬನ್ನಿ. ಕಾರಿನವರ ಎಡಗೈ ಬದಿಯ ಅಡ್ಡ ರಸ್ತೆಯನ್ನು ಅಜ್ಜ ದಾಟುತ್ತಿದ್ದರು, ಆಚೆ ಮೂಲೆಯಿಂದ ಈಚೆ ಮೂಲೆಗೆ. ಅವರು ಹೊರಟಾಗ ಆ ರಸ್ತೆಗೆ ಕೆಂಪು ಇತ್ತು, ಅಂದರೆ ಸರಿಯಾದ ಹೊತ್ತಿಗೇ ಹೊರಟಿದ್ದರು. ಆದರೆ ಜೀಬ್ರಾ ಎಲ್ಲಿ? ಅದರ ಮೇಲೆ ಮೊದಲ ಸಾಲಲ್ಲಿ ಬೈಕು, ಸ್ಕೂಟರು, ಒಂದು ಕಾರು, ಇನ್ನೊಂದು ಗೂಡ್ಸ್ ಗಾಡಿ, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಡುವೆ ಕಾಲಿಡಲು ಜಾಗ ಇಲ್ಲ. ಅಜ್ಜ ಒಂದು ಕ್ಷಣ ನಿಂತು ನೋಡಿದರು, ಆಮೇಲೆ ಆ ಗಾಡಿಗಳ ಮುಂದಿನಿಂದ, ವೃತ್ತದ ಒಳಬದಿಗೆ ಇಳಿದು ಸುತ್ತು ಹಾಕಿ ನಡೆದರು. ಅವರು ಅರ್ಧ ದಾಟುವಷ್ಟರಲ್ಲಿ ಆ ರಸ್ತೆಗೆ ಹಸಿರಾಯಿತು. ಹಾರ್ನ್ ಶುರುವಾಯಿತು. ಅಜ್ಜ ಗಾಬರಿಯಾಗಿ ಹೆಜ್ಜೆ ಜೋರು ಮಾಡಿದರು.

ಅದೇ ಹೊತ್ತಿಗೆ ಎದುರಿನ ಅಡ್ಡ ರಸ್ತೆಯಿಂದ ಒಬ್ಬ ಹುಡುಗ ಬೈಕಲ್ಲಿ ಬಂದ. ಅವನಿಗೆ ಹಸಿರು. ಮುಂದೆ ಟ್ರೇಲರ್ ಅಡ್ಡ, ಕಾರು ಅಡ್ಡ, ಎರಡರ ನಡುವೆ ಸಂದಿ. ತೂರಿದ. ಬಲಕ್ಕೆ ಕಬ್ಬಿನ ಗೋಡೆ, ಆಚೆ ಏನಿದೆ ಅಂತ ಕಾಣುವುದಿಲ್ಲ. ಅಜ್ಜನಿಗೂ ಅದೇ ಕಬ್ಬು ಅಡ್ಡ. ಹುಡುಗ ಸಂದಿಯಿಂದ ಹೊರಬಂದದ್ದೂ ಅಜ್ಜ ಅಲ್ಲಿಗೆ ಬಂದದ್ದೂ ಒಂದೇ ಆಯಿತು. ಬೈಕಿನ ಫುಟ್‌ರೆಸ್ಟ್ ಅಜ್ಜನ ಹಿಮ್ಮಡಿ ಮೇಲಕ್ಕೆ ಬಡಿಯಿತು. ಇಬ್ಬರೂ ಬಿದ್ದರು.

ಜನ ಸೇರಿದರು. ಬೈದದ್ದು ಟ್ರ್ಯಾಕ್ಟರ್ ಹುಡುಗನನ್ನು. ‘ಊರಾಗ ಯಾಕ ತರ್ತೀರಿಲೇ ಇವನ್ನ’ ಅಂತ. ಬೈಕಿನ ಹುಡುಗ ಕಾರಿನ ಕಡೆ ಕೈ ತೋರಿಸಿದ. ಕಾರಿನ ಅಕ್ಕೋರು ಟ್ರ್ಯಾಕ್ಟರ್ ಕಡೆ ತೋರಿಸಿದರು. ಜೀಬ್ರಾ ಮೇಲೆ ನಿಂತಿದ್ದ ಸಾಲಿನವರು? ಅವರಿಗೆ ಹಸಿರು ಇತ್ತಲ್ಲ, ದಾರಿ ಸಿಕ್ಕ ಕೂಡಲೇ ಒಬ್ಬೊಬ್ಬರಾಗಿ ಹೊರಟುಹೋದರು. ಅವರ ಬಗ್ಗೆ ಅಲ್ಲಿ ಒಬ್ಬರೂ ಮಾತಾಡಲಿಲ್ಲ.

ಮಾತಾಡಿದ್ದು ಅಜ್ಜ ಒಬ್ಬರೇ, ಅದೂ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆದಮೇಲೆ. ‘ನಾ ಬಿಳಿ ಪಟ್ಟಿ ಮ್ಯಾಲೇ ಹೊಂಟಿದ್ನೆಪಾ. ಗಾಡಿ ನಿಂತಿದ್ವು. ಎಲ್ಲಿ ಹಾಯ್ಲಿ ನಾನು?’

ಇಡೀ ಪ್ರಕರಣಕ್ಕೆ ಕೀಲಿ ಈ ಮಾತು ಅಂತ ನನಗೆ ಅನ್ನಿಸುತ್ತದೆ.

ಅಕ್ಕೋರ ಪ್ರಶ್ನೆ

ಅವತ್ತೇ ರಾತ್ರಿ ಅಕ್ಕೋರು ಫೋನ್ ಮಾಡಿದರು. ದನಿ ನಡುಗುತ್ತಿತ್ತು. ‘ಗ್ರೀನ್ ಇತ್ತಲ್ರೀ ಸರ. ನಾ ಯಾರಿಗೂ ಹೊಡದಿಲ್ಲ. ನಿಂತೀನಿ ಅಷ್ಟ. ನಂದೇನ್ ತಪ್ಪೈತಿ ಹೇಳ್ರಿ.’

ನಾನು ಹೇಳಿದ್ದು: ‘ಅಕ್ಕೋರ, ನೀವು ನಿಂತದ್ದ ತಪ್ಪಲ್ಲ. ನಿಂತ ಜಾಗ ತಪ್ಪು.’

ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೃತ್ತದ ಮಧ್ಯೆ ಇರುವ ಜಾಗ ಯಾರೂ ನಿಲ್ಲಲು ಇರುವುದಲ್ಲ, ಹಾದುಹೋಗಲು ಮಾತ್ರ. ಸ್ಟಾಪ್ ಲೈನ್ ಯಾಕೆ ಬಳಿಯುತ್ತಾರೆ? ಕೆಂಪಿಗೆ ನಿಲ್ಲಲಿಕ್ಕೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹಸಿರು ಇದ್ದಾಗಲೂ ಆ ಗೆರೆಗೆ ಕೆಲಸ ಇದೆ. ಆಚೆ ಬದಿಯಲ್ಲಿ ನಿಮ್ಮ ಗಾಡಿಗೆ ಜಾಗ ಇಲ್ಲ ಅಂದರೆ ನೀವು ಕಾಯಬೇಕಾದ ಕೊನೆಯ ಜಾಗ ಅದು. ಗೆರೆ ದಾಟುವ ಮುಂಚೆ ಕಣ್ಣು ಸಿಗ್ನಲ್ ಮೇಲಿದ್ದರೆ ಸಾಲದು, ಆಚೆಯ ಜೀಬ್ರಾ ನೋಡಬೇಕು. ಆ ಜೀಬ್ರಾದಿಂದ ಮುಂದೆ ನನ್ನ ಗಾಡಿ ಪೂರ್ತಿ ಹಿಡಿಸುತ್ತಾ? ಹಿಡಿಸಿದರೆ ಹೋಗಿ. ಹಿಡಿಸದಿದ್ದರೆ ಹಸಿರಿದ್ದರೂ ನಿಲ್ಲಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ. ಬಸ್ಸಿನಿಂದ ಇಳಿಯುವವರು ಇಳಿಯುವ ಮುಂಚೆ ಹತ್ತುವವರು ನುಗ್ಗಿದರೆ ಬಾಗಿಲಲ್ಲಿ ಏನಾಗುತ್ತೆ, ವೃತ್ತದಲ್ಲೂ ಅದೇ ಆಗುತ್ತೆ.

ಇದು ನನ್ನ ಸ್ವಂತ ಉಪದೇಶ ಅಲ್ಲ. ಸಿಗ್ನಲ್ ಬಿಟ್ಟರೂ ನಡುವೆ ಸಿಕ್ಕಿಕೊಳ್ಳುವ ಹಾಗಿದ್ದರೆ ಕೂಡುರಸ್ತೆಯೊಳಗೆ ಹೋಗಬಾರದು ಅಂತ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೇ ಇದೆ, ಭಾರತವೂ ಅದಕ್ಕೆ ಸೇರಿದೆ. ದೊಡ್ಡ ಊರುಗಳ ಕೆಲವು ಸರ್ಕಲ್‌ಗಳಲ್ಲಿ ನಡುವಿನ ಜಾಗದಲ್ಲಿ ಹಳದಿ ಅಡ್ಡಗೆರೆಗಳ ಬಲೆ ಬಳಿದಿರುವುದನ್ನು ನೋಡಿರಬಹುದು. ಯೆಲ್ಲೋ ಬಾಕ್ಸ್ ಅಂತಾರೆ. ಲಂಡನ್‌ನಲ್ಲಿ ಪರೀಕ್ಷೆ ಮಾಡಿ ನೋಡಿ, 1967ರಲ್ಲಿ ಬ್ರಿಟನ್‌ನಲ್ಲಿ ಅದನ್ನು ಅಧಿಕೃತವಾಗಿ ತಂದರು. ಅರ್ಥ ಇಷ್ಟೇ: ಹೊರಹೋಗುವ ದಾರಿ ಖಾಲಿ ಇಲ್ಲದೆ ಈ ಬಲೆಯೊಳಗೆ ಬರಬೇಡಿ. ನಮ್ಮ ಈ ವೃತ್ತದಲ್ಲಿ ಆ ಹಳದಿ ಬಲೆ ಇಲ್ಲ. ಇಲ್ಲ ಅಂದ ಮಾತ್ರಕ್ಕೆ ನಡುವೆ ನಿಲ್ಲಬಹುದು ಅಂತ ಅಲ್ಲ, ಅಲ್ವಾ.

ಅಕ್ಕೋರು ನಾಲ್ಕು ಸೆಕೆಂಡು ಗೆರೆ ಹಿಂದೆ ಕಾದಿದ್ದರೆ ಏನಾಗುತ್ತಿತ್ತು? ಸಂದಿ ಆಗುತ್ತಿರಲಿಲ್ಲ. ಟ್ರೇಲರ್ ಹಿಂದೆ ಅಗಲವಾದ ಖಾಲಿ ಜಾಗ ಇರುತ್ತಿತ್ತು. ಬೈಕಿನ ಹುಡುಗ ಕಬ್ಬಿಗೆ ಒತ್ತಿಕೊಂಡು ಬರದೆ ದೂರದಿಂದ ಬರುತ್ತಿದ್ದ, ಅಜ್ಜನೂ ಕಾಣುತ್ತಿದ್ದರು. ಇಷ್ಟನ್ನು ಅವರಿಗೆ ವಿಡಿಯೋ ತೋರಿಸಿಯೇ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಟ್ರ್ಯಾಕ್ಟರ್ ಹುಡುಗನ ವಿಷಯ

ಇವನನ್ನು ಎಲ್ಲರೂ ಬೈದರು, ಅದಕ್ಕೇ ಅವನ ಪರವಾಗಿ ಒಂದೆರಡು ಮಾತು ಹೇಳಬೇಕು. ತುಂಬಿದ ಎರಡು ಟ್ರೇಲರ್ ಎಳೆಯುವಾಗ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಹಾಗಾಗಿ ಈ ಡ್ರೈವರ್‌ಗಳು ನಿಲ್ಲದೆ ಉರುಳಿಸಿಕೊಂಡು ಹೋಗುವುದನ್ನೇ ರೂಢಿ ಮಾಡಿಕೊಂಡಿರುತ್ತಾರೆ. ಕಬ್ಬು ಎರಡೂ ಬದಿ ಹೊರಗೆ ಹೇರಿರುವುದರಿಂದ ಹಿಂದಿನ ಟ್ರೇಲರ್ ಬಾಲ ಎಲ್ಲಿದೆ ಅಂತ ಕೂತಲ್ಲಿಂದ ಕಾಣುವುದೇ ಇಲ್ಲ. ಅವನ ಮುಂದೆ ಆಟೋ ತೂರಿದ್ದು ಅವನ ತಪ್ಪಲ್ಲ.

ಆದರೂ ಅವನದೂ ಪಾಲಿದೆ. ಅವನ ಗಾಡಿ ಮೂರ್ನಾಲ್ಕು ಕಾರಿನಷ್ಟು ಉದ್ದ. ಕಾರಿನವರು ಒಂದು ಕಾರಿನ ಜಾಗ ನೋಡಿ ಹೋದರೆ ಸಾಕು, ಅವನು ನಾಲ್ಕು ಕಾರಿನ ಜಾಗ ನೋಡಬೇಕು. ತಳ್ಳುಗಾಡಿಗಳು ಅಲ್ಲಿ ದಿನಾ ಇರುತ್ತವೆ, ದಾರಿ ಕಿರಿದಾಗಿರುವುದು ಅವನಿಗೂ ಗೊತ್ತು. ಹಿಂದೆ ನೋಡಿ ಹೇಳಲು ಕ್ಲೀನರ್ ಕೂಡ ಇರಲಿಲ್ಲ. ಹೊಲದಿಂದ ಕಾರ್ಖಾನೆವರೆಗೆ ಒಬ್ಬನೇ ಹುಡುಗನನ್ನು ಕಳಿಸುವ ಮಾಲೀಕರು ಇದನ್ನು ಯೋಚಿಸಬೇಕು.

ಬಾಣದ ಬಗ್ಗೆ, ಯಾಕೆಂದರೆ ಎಲ್ಲಾ ಶುರುವಾದದ್ದು ಅಲ್ಲಿಂದ

ನೆಲದ ಮೇಲಿನ ಬಾಣಗಳನ್ನು ಉದ್ದಕ್ಕೆ ಎಳೆದು ಬರೆದಿರುತ್ತಾರೆ. ಮೇಲಿಂದ ನೋಡಿದರೆ ವಿಚಿತ್ರ ಕಾಣುತ್ತೆ, ಡ್ರೈವರ್ ಸೀಟಿನಿಂದ ಓರೆಯಾಗಿ ನೋಡಿದಾಗ ಸರಿಯಾಗಿ ಕಾಣಲಿ ಅಂತ ಹಾಗೆ ಮಾಡುವುದು. ಅಂದರೆ ದೂರದಿಂದಲೇ ಓದಲಿ ಅಂತಲೇ ಅವು ಇರುವುದು. ವೃತ್ತ ದೂರ ಇರುವಾಗ ಪಟ್ಟಿಗಳ ನಡುವಿನ ಗೆರೆ ತುಂಡು ತುಂಡಾಗಿರುತ್ತದೆ, ಆಗ ಬೇಕಾದ ಪಟ್ಟಿಗೆ ಹೋಗಬಹುದು. ಹತ್ತಿರ ಬಂದಂತೆ ತುಂಡುಗಳ ನಡುವಿನ ಖಾಲಿ ಕಡಿಮೆಯಾಗುತ್ತದೆ, ಕೊನೆಗೆ ಗೆರೆ ಅಖಂಡ ಆಗುತ್ತದೆ. ಅಖಂಡ ಆದಮೇಲೆ ಪಟ್ಟಿ ಬದಲಾಯಿಸುವ ಹೊತ್ತು ಮುಗಿಯಿತು. ತಪ್ಪು ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದೀರಾ? ಬಾಣ ಹೇಳಿದ ಕಡೆ ಹೋಗಿ, ಮುಂದೆ ಸುತ್ತಿ ಬನ್ನಿ. ಐದು ನಿಮಿಷ ಜಾಸ್ತಿ ಆಗುತ್ತೆ, ಅಷ್ಟೇ.

ಆ ಆಟೋ ಅಣ್ಣ ಎಡಬಾಣದ ಪಟ್ಟಿಯಲ್ಲಿ ನಿಂತದ್ದು ಅಲ್ಲಿ ಸಾಲು ಚಿಕ್ಕದಿತ್ತು ಅಂತ. ಎಷ್ಟೋ ಜನ ಇದೇ ಮಾಡುತ್ತಾರೆ. ಇದರಿಂದ ಎರಡು ನಷ್ಟ. ನಿಜವಾಗಿ ಎಡಕ್ಕೆ ಹೋಗುವವರು ಹಿಂದೆ ಸಿಕ್ಕಿಕೊಳ್ಳುತ್ತಾರೆ. ನೇರ ಹೋಗುವವರ ಮುಂದೆ, ಆಚೆ ಬದಿಯಲ್ಲಿ, ಒಂದು ಗಾಡಿ ಹೆಚ್ಚಾಗುತ್ತದೆ. ಟ್ರ್ಯಾಕ್ಟರ್‌ಗೆ ಸಿಗಬೇಕಿದ್ದ ಜಾಗ ಆಟೋಗೆ ಹೋಯಿತು.

ಜೀಬ್ರಾ ಮೇಲಿನ ಸಾಲು

ಈಗ ನನಗೆ ಎಲ್ಲಕ್ಕಿಂತ ಸಂಕಟ ಆಗುವ ಭಾಗ.

ಮರುದಿನ ಬೆಳಗ್ಗೆ ಬೇಗ ಹೋಗಿ ಆ ಅಡ್ಡ ರಸ್ತೆಯನ್ನು ನೋಡಿದೆ. ಸ್ಟಾಪ್ ಲೈನ್ ಇದೆ. ಇಲ್ಲ ಅನ್ನುವಂತಿಲ್ಲ. ಆದರೆ ಹುಡುಕಬೇಕು. ಈ ಗೆರೆಗಳು ಸಾಮಾನ್ಯ ಬಣ್ಣ ಅಲ್ಲ, ಥರ್ಮೋಪ್ಲಾಸ್ಟಿಕ್ ಅಂತ, ಕಾಯಿಸಿ ಕರಗಿಸಿ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಹಾಕುತ್ತಾರೆ, ಬಿಸಿ ಇರುವಾಗಲೇ ಮೇಲೆ ಸಣ್ಣ ಗಾಜಿನ ಹರಳು ಉದುರಿಸುತ್ತಾರೆ. ರಾತ್ರಿ ಹೆಡ್‌ಲೈಟ್ ಬಿದ್ದಾಗ ಗೆರೆ ಹೊಳೆಯುವುದು ಆ ಹರಳುಗಳಿಂದ. ಇಲ್ಲಿ ಅಂಚು ಸವೆದು ಚೂರುಚೂರಾಗಿದೆ. ಉಳಿದದ್ದರ ಮೇಲೆ ಟ್ರ್ಯಾಕ್ಟರ್ ಟೈರುಗಳು ಹೊಲದಿಂದ ಹೊತ್ತು ತಂದ ಎರಿ ಮಣ್ಣು ಒಣಗಿ ಹೊದ್ದುಕೊಂಡಿದೆ. ಚಪ್ಪಲಿಯಿಂದ ಕೆರೆದರೆ ಕೆಳಗೆ ಬಿಳಿ ಕಾಣುತ್ತದೆ. ಮಣ್ಣು ಕೂತ ಮೇಲೆ ಹರಳು ಎಷ್ಟಿದ್ದರೂ ಹೊಳೆಯುವುದಿಲ್ಲ.

ಆದರೆ ಜೀಬ್ರಾ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಗೆರೆ ಕಾಣಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಸ್ಟಾಪ್ ಲೈನ್ ಅಳಿಸಿದ್ದರೆ ಜೀಬ್ರಾಕ್ಕಿಂತ ಮುಂಚೆ ನಿಲ್ಲಬೇಕು. ಜೀಬ್ರಾವೂ ಇಲ್ಲದಿದ್ದರೆ ಸಿಗ್ನಲ್ ಕಂಬಕ್ಕಿಂತ ಮುಂಚೆ. ಕೆಂಪು ಬಿದ್ದಾಗ ಮುಂದಿನ ಚಕ್ರ ಎಲ್ಲಿರಬೇಕು ಅನ್ನುವುದಕ್ಕೆ ಯಾವಾಗಲೂ ಉತ್ತರ ಇದೆ.

ಅಂಗಡಿಯವರ ವಿಡಿಯೋದಲ್ಲಿ ಆ ಸಾಲು ಹೇಗೆ ಬೆಳೆಯಿತು ಅನ್ನುವುದನ್ನೂ ನೋಡಿದೆ. ಮೊದಲು ಬಂದ ಸ್ಕೂಟರ್ ಹೆಚ್ಚುಕಡಿಮೆ ಸರಿಯಾದ ಜಾಗದಲ್ಲೇ ನಿಂತಿತ್ತು. ಪಕ್ಕಕ್ಕೆ ಬಂದ ಬೈಕು ಅದಕ್ಕಿಂತ ಒಂದು ಅಡಿ ಮುಂದೆ. ಮೂರನೆಯದು ಇನ್ನೊಂದು ಅಡಿ. ಆಮೇಲೆ ಮೊದಲಿನ ಸ್ಕೂಟರೂ ಮುಂದೆ ಸರಿಯಿತು. ಹೀಗೇ ತೆವಳುತ್ತ ತೆವಳುತ್ತ ಹಸಿರು ಬೀಳುವ ಹೊತ್ತಿಗೆ ಬಿಳಿ ಪಟ್ಟಿ ಪೂರ್ತಿ ಮುಚ್ಚಿಹೋಗಿತ್ತು. ಒಬ್ಬರೂ ಬೇಕಂತ ಮಾಡಿದ್ದಲ್ಲ. ಒಬ್ಬರಿಗೂ ಇದರಿಂದ ಒಂದು ಸೆಕೆಂಡಿನ ಲಾಭವೂ ಆಗಲಿಲ್ಲ, ಎದುರಿಗೆ ಟ್ರೇಲರ್ ಅಡ್ಡ ನಿಂತಿತ್ತಲ್ಲ. ಅಜ್ಜ ಮಾತ್ರ ತಮ್ಮ ದಾರಿ ಬಿಟ್ಟು ಗಾಡಿಗಳ ದಾರಿಗೆ ಇಳಿಯಬೇಕಾಯಿತು. ಅವರು ಜೀಬ್ರಾ ಮೇಲೇ ನಡೆದಿದ್ದರೆ ಕಬ್ಬಿನ ಗೋಡೆಯಿಂದ ಇನ್ನೂ ಕೆಲವು ಅಡಿ ದೂರ ಇರುತ್ತಿದ್ದರು. ಬೈಕಿನ ಹುಡುಗನಿಗೆ ಅವರು ಕಾಣಲು, ಬ್ರೇಕ್ ಹಿಡಿಯಲು, ಆ ಕೆಲವು ಅಡಿ ಸಾಕಿತ್ತು.

ನನ್ನನ್ನು ಕೇಳಿದರೆ, ತಪ್ಪಿನ ದೊಡ್ಡ ಪಾಲು ಈ ಸಾಲಿಗೆ ಸೇರಬೇಕು. ಬೈಕಿನ ಹುಡುಗನದು ಇದ್ದೇ ಇದೆ: ಹಸಿರು ಬಿದ್ದರೂ ಆಗಲೇ ವೃತ್ತದೊಳಗೆ ಇರುವ ಗಾಡಿ, ನಡೆದು ದಾಟುತ್ತಿರುವ ಜನ, ಇವರು ಹೊರಹೋಗುವವರೆಗೆ ಕಾಯಬೇಕು, ಕಣ್ಣಿಗೆ ಕಾಣದ ಸಂದಿಗೆ ನುಗ್ಗಬಾರದು. ಅವನು ಅದನ್ನು ಒಪ್ಪಿಕೊಂಡ. ಬಿದ್ದವನು ಎದ್ದು ಅಜ್ಜನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಓಡಿಹೋಗಲಿಲ್ಲ. ಅದಕ್ಕೆ ಅವನ ಬಗ್ಗೆ ನನಗೆ ಗೌರವ ಇದೆ.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆ 1988ರದು. ರಸ್ತೆ ಮೇಲೆ ಹೇಗೆ ಓಡಿಸಬೇಕು ಅನ್ನುವ ವಿವರ ಮೊದಲು 1989ರ ನಿಯಮಗಳಲ್ಲಿತ್ತು, ಅದರ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂತು. ಈ ನಿಯಮಾವಳಿ ಮೀರಿದರೆ 177ಎ ಕಲಂ ಪ್ರಕಾರ 500ರಿಂದ 1000 ರೂಪಾಯಿ ದಂಡ. 2019ರ ತಿದ್ದುಪಡಿಯಲ್ಲಿ ಬಂದ ಕಲಂ ಇದು. ಕೆಂಪು ದೀಪ ಹಾರಿಸಿ ಹೋಗುವುದು ಇದಕ್ಕಿಂತ ದೊಡ್ಡ ತಪ್ಪು, ಅದನ್ನು 184ನೇ ಕಲಂನಲ್ಲಿ ಅಪಾಯಕಾರಿ ಚಾಲನೆ ಜೊತೆ ಸೇರಿಸಿದ್ದಾರೆ. ಅಲ್ಲಿ ದಂಡದ ಜೊತೆಗೆ ಜೈಲಿಗೂ ಅವಕಾಶ ಇದೆ.

ಪೆಟ್ಟಾದ ಮೇಲೆ ಏನು ಮಾಡಬೇಕು ಅನ್ನುವುದು 134ನೇ ಕಲಂ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, ಪೊಲೀಸರಿಗೆ ತಿಳಿಸಬೇಕು, ತಡವಾದರೂ 24 ಗಂಟೆಯೊಳಗೆ. ‘ನಾವ್ ನಾವ್ ಮಾತಾಡಿ ಮುಗಿಸೋಣ’ ಅಂತ ಅಲ್ಲಿ ಹಿರಿಯರೊಬ್ಬರು ಹೇಳಿದರು. ಆಸ್ಪತ್ರೆ ಖರ್ಚಿನ ಮಾತು ಹಾಗೇ ಮುಗಿಯಿತು, ಬೈಕಿನ ಹುಡುಗ ಮತ್ತೆ ಅಕ್ಕೋರು ಹಂಚಿಕೊಂಡರು, ಅಜ್ಜನ ಮಗನೂ ಒಪ್ಪಿದ. ಆದರೆ ಠಾಣೆಗೆ ತಿಳಿಸುವುದನ್ನು ಬಿಡಬೇಡಿ ಅಂತ ನಾನು ಪಟ್ಟು ಹಿಡಿದೆ, ತಿಳಿಸಿದರು. ನಾಳೆ ಕಾಲಿನ ನೋವು ಹೆಚ್ಚಾದರೆ, ವಿಮೆಯ ಮಾತು ಬಂದರೆ, ಆ ದಾಖಲೆ ಎಲ್ಲರಿಗೂ ಬೇಕಾಗುತ್ತದೆ.

ರಸ್ತೆ ಮಾಡುವವರ ಮೇಲೂ ಹೊಣೆ ಇದೆ. ಗೆರೆ ಯಾವ ಬಣ್ಣ, ಎಷ್ಟು ಅಗಲ, ಎಲ್ಲಿ ಹಾಕಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 35 ಅನ್ನುವ ಕೈಪಿಡಿ ಇದೆ, 2015ರಲ್ಲಿ ಪರಿಷ್ಕರಣೆ ಆಗಿದೆ. ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆಯಾದ ಅಧಿಕಾರಿ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಅಂತ 198ಎ ಕಲಂ ಹೇಳುತ್ತದೆ. ಈ ಪ್ರಕರಣದಲ್ಲಿ ಅಷ್ಟಾಗಲಿಲ್ಲ. ಅಜ್ಜ ಮೂರು ವಾರ ಕೋಲು ಹಿಡಿದು ನಡೆದರು, ಈಗ ಸರಿಯಾಗಿದ್ದಾರೆ. ಆದರೆ ಅಷ್ಟಾಗುವವರೆಗೆ ಕಾಯಬೇಕಾ?

ಆಮೇಲೆ ಏನಾಯಿತು

ಅಂಗಡಿಯವರು, ಅಕ್ಕೋರು, ಅಜ್ಜನ ಮಗ, ನಾನು ಸೇರಿ ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಬರೆದೆವು. ಅಡ್ಡ ರಸ್ತೆಯ ಸ್ಟಾಪ್ ಲೈನ್ ಹೊಸದಾಗಿ ಹಾಕಬೇಕು, ಅದೂ ಜೀಬ್ರಾಕ್ಕೆ ಅಂಟಿಸದೆ ಸ್ವಲ್ಪ ಹಿಂದೆ, ಮೊದಲ ಗಾಡಿ ತುಸು ತೆವಳಿದರೂ ಬಿಳಿ ಪಟ್ಟಿ ಉಳಿಯುವ ಹಾಗೆ. ನಡುವೆ ಹಳದಿ ಬಾಕ್ಸ್ ಬೇಕು. ಕಬ್ಬಿನ ಹಂಗಾಮಿನಲ್ಲಿ ವಾರಕ್ಕೊಮ್ಮೆಯಾದರೂ ಗೆರೆಗಳ ಮೇಲಿನ ಮಣ್ಣು ತೊಳೆಯಬೇಕು. ಈ ಕೊನೆಯದನ್ನು ಓದಿ ಅಲ್ಲಿದ್ದವರೊಬ್ಬರು ತಲೆ ಎತ್ತಿ ನೋಡಿದರು. ಆದರೆ ನನಗೆ ಅದೇ ಮುಖ್ಯ. ಹೊಸ ಗೆರೆ ಹಾಕಿದರೂ ಜನವರಿಯಲ್ಲಿ ಎರಿ ಮಣ್ಣು ಮುಚ್ಚಿದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ತಳ್ಳುಗಾಡಿಯವರನ್ನು ಎಬ್ಬಿಸಿ ಅಂತ ನಾವು ಬರೆಯಲಿಲ್ಲ. ಅವರ ಹೊಟ್ಟೆಪಾಡು ಅದು. ಹೋಗಿ ಮಾತಾಡಿದೆವು. ಜೀಬ್ರಾದಿಂದ ಒಂದು ಟ್ರ್ಯಾಕ್ಟರ್ ಮತ್ತು ಎರಡು ಟ್ರೇಲರ್ ಹಿಡಿಸುವಷ್ಟು ಜಾಗ ಖಾಲಿ ಬಿಟ್ಟು ಮುಂದೆ ನಿಲ್ಲಿಸಿ ಅಂದೆವು. ಒಬ್ಬ ಕಾಕಾ ಮೊದಲು ಸಿಟ್ಟಾದರು, ‘ಗಿರಾಕಿ ಮುಂದ ಬರ್ತಾರೇನ್ರಿ?’ ಅಂತ. ಅಜ್ಜ ಬಿದ್ದದ್ದನ್ನು ಅವರೂ ಕಣ್ಣಾರೆ ನೋಡಿದ್ದರು. ಎರಡು ದಿನ ಬಿಟ್ಟು ತಾವಾಗಿಯೇ ಗಾಡಿ ಸರಿಸಿಕೊಂಡರು, ಅವರನ್ನು ನೋಡಿ ಉಳಿದವರೂ. ಆಟೋದವರೂ ಈಗ ಅವರ ಪಕ್ಕವೇ, ಮುಂದೆ ಹೋಗಿ ಜನ ಇಳಿಸುತ್ತಿದ್ದಾರೆ. ಗೆರೆ ಇನ್ನೂ ಹಾಕಿಲ್ಲ. ಅರ್ಜಿಯ ಪ್ರತಿ ಅಂಗಡಿಯವರ ಹತ್ತಿರ ಇದೆ, ಮುಂದಿನ ಹಂಗಾಮಿಗೆ ಮುಂಚೆ ಮತ್ತೆ ಹೋಗಿ ಕೇಳುತ್ತೇವೆ.